ಕೆಟ್ಟ ದಿನದ ಪಟ್ಟಿ

“ಒಳ್ಳೇ ಸುದ್ದಿ ಏನಾದ್ರೂ ಬಾಯಿಬಿಟ್ಟೀಯ, ಹುಷಾರು!” ಗೆಳತಿ ಹೆನ್ರಿಯೆಟ್ಟೆ ಫೋನಿನಲ್ಲಿ ಮೂರನೇ ಸಲ ಎಚ್ಚರಿಸಿದಳು. “ಮಗೂಗೆ ಏನೇನು ಬರಲ್ಲ, ಅಷ್ಟೇ ಹೇಳ್ಬೇಕು ಕಣೇ. ನನ್ನ ಮಗ ಒಂದೇ ಒಂದ್ಸಲ ಬಸ್ಸಲ್ಲಿ ಒಬ್ಬನೇ ಬಂದ ಅಂತ ಖುಷಿ ತಡೀಲಾರದೆ ಹೇಳ್ಬಿಟ್ಟೆ ನೋಡು, ಸಹಾಯಕೀನ ವಾಪಸ್ ಕರೆಸ್ಕೊಂಡ್ರು.”

ಲಿಸ್ಬೆತ್ ಫೋನಿಟ್ಟು ಪಟ್ಟಿಯನ್ನು ನೋಡಿದಳು. ಪುರಸಭೆ ಕೊಟ್ಟ ಸಹಾಯಕಿ ಇನ್ನೂ ಬೇಕೇ ಎಂದು ನೋಡಲು ಪ್ರತಿ ಮಾರ್ಚಿನಲ್ಲಿ ಪುರಸಭೆಯವರು ಮನೆಗೆ ಬರುವಾಗ ಜಟ್ಲೆಂಡ್ ಸೀಮೆಯ ವಿಶೇಷ ಮಕ್ಕಳ ತಾಯಂದಿರೆಲ್ಲ ಬರೆದಿಟ್ಟುಕೊಳ್ಳುವ, ಮಕ್ಕಳ ಕೆಟ್ಟ ದಿನಗಳ ಪಟ್ಟಿ. ಮಗಳು ತಿಲ್ಡೆಗೆ ಹದಿಮೂರು, ಡೌನ್ ಸಿಂಡ್ರೋಮ್. ಪಟ್ಟಿಯ ಮೊದಲ ಸಾಲೇ ‘ಷೂ ಲೇಸು ಕಟ್ಟಲು ಬರುವುದಿಲ್ಲ’. ಎಡವಟ್ಟಾಗಿದ್ದು ಅಲ್ಲೇ. ಎರಡು ವರ್ಷ ಕುರ್ಚಿಯ ಕಾಲಿಗೆ ದಾರ ಕಟ್ಟಿ ಬಿಚ್ಚಿ ಕಲಿತ ತಿಲ್ಡೆ ಮೊನ್ನೆ ಭಾನುವಾರ ಲೇಸು ಕಟ್ಟಿಯೇಬಿಟ್ಟಿದ್ದಳು. ಲಿಸ್ಬೆತ್ ಅವಳನ್ನು ತಬ್ಬಿಕೊಂಡು ಅತ್ತಳು. ಅಳು ನಿಂತ ಮೇಲೆ ಪಟ್ಟಿ ನೆನಪಾಯಿತು.

ಸಹಾಯಕಿ ಹೋದರೆ ಗುರುವಾರವೂ ಹೋಗುತ್ತದೆ. ಗುರುವಾರ ಮಧ್ಯಾಹ್ನ ತಿಲ್ಡೆಯನ್ನು ಸಹಾಯಕಿಗೆ ಒಪ್ಪಿಸಿ ಲಿಸ್ಬೆತ್ ಎರಡು ಗಂಟೆ ಈಜಿನ ಕೂಟದ ಹೆಂಗಸರ ಜೊತೆ ಕೊರೆಯುವ ಕಡಲಿಗೆ ಇಳಿಯುತ್ತಾಳೆ. ಹೋದ ವರ್ಷ ಮೊಣಕಾಲಿನ ತನಕ, ಈ ವರ್ಷ ಕುತ್ತಿಗೆಯ ತನಕ. ಹದಿಮೂರು ವರ್ಷದಲ್ಲಿ ತನ್ನದು ಅಂತ ಅವಳಿಗೆ ದಕ್ಕಿದ್ದು ಅದೊಂದೇ. ಅಲ್ಲಿ ಯಾರೂ ಅವಳನ್ನು ತಿಲ್ಡೆಯ ಅಮ್ಮ ಎಂದು ಕರೆಯುವುದಿಲ್ಲ.

ಪುರಸಭೆಯ ವಿಬೆಕೆ ಬಾಗಿಲಲ್ಲಿ ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲಿ ಒಳಬಂದು ಕೂತಳು. ಕಾಫಿ ಕುಡಿದಳು, ದಾಲ್ಚಿನ್ನಿ ಬನ್ನು ಎರಡು ತಿಂದಳು. ಒಳ್ಳೆಯ ಹೆಂಗಸು. ಕೆಟ್ಟವಳಾಗಿದ್ದರೆ ಕೆಲಸ ಸಲೀಸಾಗುತ್ತಿತ್ತು.

“ಷೂ ಲೇಸು?” ಎಂದು ಕೇಳಿದಳು.

“ಇಲ್ಲ. ಎರಡು ವರ್ಷದಿಂದ ಹೇಳ್ಕೊಡ್ತಾನೇ ಇದೀನಿ, ಆಗ್ತಿಲ್ಲ,” ಎಂದಳು ಲಿಸ್ಬೆತ್. ದನಿ ಎಷ್ಟು ದೀನವಾಗಿತ್ತೆಂದರೆ ಒಂದು ಕ್ಷಣ ತಾನೇ ನಂಬಿದಳು. ತಿಲ್ಡೆಯ ಕೋಣೆಯ ಬಾಗಿಲು ಅರ್ಧ ತೆರೆದಿದ್ದು ಕಣ್ಣಿಗೆ ಬಿದ್ದದ್ದು ಆಮೇಲೆ.

ವಿಬೆಕೆ ಹೊರಡಲು ಎದ್ದಾಗ ತಿಲ್ಡೆ ಆಗಲೇ ಬಾಗಿಲ ಬಳಿಯ ಬೆಂಚಿನ ಮೇಲೆ ಷೂ ಹಾಕಿಕೊಂಡು ತಯಾರಾಗಿ ಕೂತಿದ್ದಳು. ಬಂದವರನ್ನು ಕಳಿಸಿಕೊಡುವುದು, ಗೇಟು ತೆಗೆಯುವುದು ಅವಳ ಕೆಲಸ. ಬೇರೆಯವರು ಗೇಟು ಮುಟ್ಟಿದರೆ ಮನೆಯಲ್ಲಿ ರಂಪ. ಎರಡು ಷೂಗಳ ಮೇಲೂ ಸೊಟ್ಟ ಸೊಟ್ಟ ಗಂಟು.

“ಅರೆ, ಎಷ್ಟು ಚೆನ್ನಾಗಿದೆ! ಯಾರು ಕಟ್ಟಿದ್ದು?” ಬೂಟು ಹಾಕಿಕೊಳ್ಳುತ್ತಿದ್ದ ವಿಬೆಕೆ ಕೇಳಿದಳು.

ತಿಲ್ಡೆ ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ ಬಗ್ಗಿ ಎರಡೂ ಲೇಸುಗಳನ್ನು ಎಳೆದು ಬಿಚ್ಚಿ ಕಾಲು ಮುಂದೆ ಚಾಚಿದಳು. “ನಂಗೆ ಬರಲ್ಲ. ಅಮ್ಮನೇ ಕಟ್ಟೋದು. ಕಟ್ಟಮ್ಮ.”

ಲಿಸ್ಬೆತ್ ನೆಲಕ್ಕೆ ಮಂಡಿಯೂರಿದಳು. ಬೆರಳುಗಳು ಅಭ್ಯಾಸಬಲದಿಂದ ಅರ್ಧ ಗಂಟು ಹಾಕಿ ನಿಂತುಬಿಟ್ಟವು. ಇವಳು ನನ್ನ ಮಾನ ಉಳಿಸುತ್ತಿದ್ದಾಳೋ, ಅಣಕಿಸುತ್ತಿದ್ದಾಳೋ, ಇಲ್ಲಾ ಅಮ್ಮ ಹೇಳಿದ ಮೇಲೆ ನಿಜವೇ ಇರಬೇಕು ಅಂದುಕೊಂಡಳೋ? ಲಿಸ್ಬೆತ್‌ಗೆ ತಿಳಿಯಲಿಲ್ಲ. ನಾಚಿಕೆಯಿಂದ ಮಾತ್ರ ಕಿವಿ ಸುಡುತ್ತಿತ್ತು.

“ಬರುತ್ತೆ,” ಎಂದಳು ತಲೆಯೆತ್ತದೆ. “ಭಾನುವಾರದಿಂದ ಬರುತ್ತೆ. ಸುಳ್ಳು ಹೇಳಿದ್ದು ನಾನು. ಆದ್ರೆ ನಾಳೆ ಬರುತ್ತೋ ಇಲ್ವೋ...”

ವಿಬೆಕೆ ಚೀಲದಿಂದ ಫೈಲನ್ನು ಮತ್ತೆ ಹೊರತೆಗೆದಳು. ಮುಖದಲ್ಲಿ ಸಿಟ್ಟಿರಲಿಲ್ಲ. “ಹಾಗಾದ್ರೆ ಈಗ ಏನಂತ ಬರ್ಕೊಳ್ಲಿ ಹೇಳಿ?”

ಲಿಸ್ಬೆತಳ ಕಣ್ಣು ಗೂಟದಲ್ಲಿ ನೇತಾಡುತ್ತಿದ್ದ ಈಜಿನ ನಿಲುವಂಗಿಯ ಕಡೆ ಹೋಯಿತು.

ತಿಲ್ಡೆ ಲೇಸಿನ ಎರಡು ತುದಿಗಳನ್ನು ಕೈಯಲ್ಲಿ ಹಿಡಿದು ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು.

“ನಂಗೆ ಬರುತ್ತಾ, ಬರಲ್ವಾ? ಬೇಗ ಹೇಳಮ್ಮ, ನಾನು ಗೇಟು ತೆಗೀಬೇಕು.”