ಲಕ್ಕಪ್ಪನ ಆಣೆ

ಬೀರದೇವರ ಭಂಡಾರದ, ಮುಟ್ಟಿ ಆಣೆ ಮಾಡುವ ಅರಿಶಿನದ ತಟ್ಟೆ ಕೊನೆಗೆ ಲಕ್ಕಪ್ಪನ ಮುಂದೆ ಬಂತು. ಕೆರೆಯ ಜಗಳ ಇಷ್ಟು ಸಲೀಸಾಗಿ ಬಗೆಹರಿಯಿತೆಂದರೆ ಪಂಚ ಹುಚ್ಚಪ್ಪನಿಗೆ ನಂಬಿಕೆಯೇ ಬರಲಿಲ್ಲ. ಮೇಲಿನ ಓಣಿಯವರು ಮೊದಲ ಪಾಳಿ ಬಿಟ್ಟುಕೊಟ್ಟಿದ್ದರು; ಕೆಳಗಿನ ಓಣಿಯವರು ಎರಡು ದಿನದ ನೀರು. ಕೆರೆ ತುಂಬಿದರೆ ತನ್ನ ಹೊಲ ಮುಳುಗುತ್ತದೆ, ಒಡ್ಡು ಒಡೆದೇ ತೀರುತ್ತೇನೆ ಎಂದು ವರ್ಷಗಟ್ಟಲೆ ಕೂಗಾಡಿದ್ದ ಲಕ್ಕಪ್ಪ ಮಾತ್ರ ಇಂದು ಏನನ್ನೂ ಕೇಳಲಿಲ್ಲ.

“ನಂದೇನೂ ತಕರಾರಿಲ್ರಿ. ಇನ್ನ ಮ್ಯಾಲ ಆ ಒಡ್ಡಿಗೆ ಕೈ ಹಚ್ಚೂದಿಲ್ಲ,” ಎಂದು ಅವನು ಭಂಡಾರ ಮುಟ್ಟಿ ಆಣೆ ಮಾಡಿದ.

“ಶಾಣ್ಯಾ ಆದಿ ನೋಡಪ್ಪಾ,” ಎನ್ನುತ್ತ ಹುಚ್ಚಪ್ಪ ತಟ್ಟೆಯನ್ನು ತನ್ನತ್ತ ಎಳೆದುಕೊಂಡ. ಹಳದಿ ಪುಡಿಯ ಮೇಲೆ ಲಕ್ಕಪ್ಪನ ಐದೂ ಬೆರಳು ಮೂಡಿದ್ದವು. ಒಂದೊಂದು ಗುರುತಿನಲ್ಲೂ ಒಡ್ಡಿನ ಹಸಿ ಕರಿಮಣ್ಣು ಮೆತ್ತಿತ್ತು.

ಒಡ್ಡಿನ ಬುಡದಲ್ಲಿದ್ದ ಕೆಳಗಿನ ಓಣಿಯ ನಾಯಿಗಳೆಲ್ಲ ಒಮ್ಮೆಲೇ ಬೊಗಳತೊಡಗಿದವು.