ಮಂಡಿಗೆ ಬಡಿಯುವ ಮುಚ್ಚಳ

ಬೀದಿಯವರೆಲ್ಲ ನಿಂತು ನೋಡುವಂಥ ಹಳೆಯ ಕಾರು ಅದು. ಆದರೆ ಮುಂದಿನ ಸೀಟಿನೆದುರಿನ ಖಾನೆಯ ಮುಚ್ಚಳ ರಸ್ತೆಯ ಪ್ರತಿ ಗುಂಡಿಗೂ ಕಳಚಿ ಹೆಂಡತಿಯ ಮಂಡಿಗೆ ಬಡಿಯುತ್ತಿತ್ತು. ಮದುವೆಯಾದಾಗಿನಿಂದ ಅವಳು ಅದನ್ನು ಮಂಡಿಯಿಂದಲೇ ಒತ್ತಿ ಹಿಡಿದು ಕೂರುತ್ತಿದ್ದಳು. ಸರಿ ಮಾಡಿಸಿ ಎಂದಾಗಲೆಲ್ಲ ಗಂಡನದು ಒಂದೇ ಮಾತು: "ಹಳೇ ಗಾಡಿ ಅಂದ್ಮೇಲೆ ಇದೆಲ್ಲ ಇರೋದೇ. ಅಡ್ಜಸ್ಟ್ ಮಾಡ್ಕೋ."

ಇವತ್ತು ಬೆಳಿಗ್ಗೆ ಅವನೇ ಕೂತು ಮುಚ್ಚಳಕ್ಕೆ ಹೊಸ ಸ್ಕ್ರೂ ಹಾಕಿದ. ಕಿರುಗುಟ್ಟುವ ಸೀಟಿಗೆ ಎಣ್ಣೆ ಬಿಟ್ಟ.

"ಏನಿವತ್ತು ವಿಶೇಷ?" ಎಂದಳು.

"ಸಂಜೆ ಕಾರು ಕೊಳ್ಳೋಕೆ ಗಂಡ ಹೆಂಡ್ತಿ ಬರ್ತಿದ್ದಾರೆ. ಆಕೆ ತುಂಬಾ ನಾಜೂಕಂತೆ."

"ಇಷ್ಟು ವರ್ಷ ನನ್ನ ಮಂಡಿ ಏನು ಕಲ್ಲಾಗಿತ್ತಾ?"

"ನೀನು ಮನೆಯವಳಲ್ವೇನೆ! ಹೋಗು, ಬಟ್ಟೆ ತಂದು ಒಳಗೆಲ್ಲ ಒರೆಸು."

ಅವಳು ಹಲ್ಲು ಕಚ್ಚಿಕೊಂಡು ಒಳಗೆಲ್ಲ ಒರೆಸಿದಳು.

ಸಂಜೆ ಬಂದಾಕೆ ಮುಂದಿನ ಸೀಟಿನಲ್ಲಿ, ಆಕೆಯ ಗಂಡ ಹಿಂದಿನ ಸೀಟಿನಲ್ಲಿ ಕೂತರು. ಇವಳ ಗಂಡ ಕಾರು ಸ್ಟಾರ್ಟ್ ಮಾಡಿದ್ದೇ ತಡ, ಮುಚ್ಚಳ ಕಳಚಿ ಆಕೆಯ ಮಂಡಿಗೆ ಬಡಿಯಿತು.

"ಬೆಳಿಗ್ಗೆ ತಾನೇ ಸ್ಕ್ರೂ ಹಾಕಿದ್ನಲ್ಲ!" ಎಂದು ಅವನು ಕೂಗಿದ.

ಸೆರಗಿನ ತುದಿಗೆ ಗಂಟು ಹಾಕಿದ್ದ ಸ್ಕ್ರೂವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಹೆಂಡತಿ ಕಿಟಕಿಗೆ ಬಾಗಿದಳು: "ಹಳೇ ಗಾಡಿ ಅಂದ್ಮೇಲೆ ಇದೆಲ್ಲ ಇರೋದೇ ಅಮ್ಮ. ಮಂಡಿಯಿಂದ ಒತ್ತಿ ಹಿಡ್ಕೊಳ್ಳಿ."