ಕಾಲುಂಗುರದ ವಯಸ್ಸು

ಚಾಮರಾಜನಗರದ ಥಿಯೇಟರ್ ಬಾಗಿಲಲ್ಲಿ ಟಿಕೆಟ್ ಹರಿಯುವ ಸೋಮಣ್ಣ ಸಿಂಧುವಿಗೆ ಕೈ ಅಡ್ಡ ಹಿಡಿದ. “ಇದು ಯು/ಎ ಅಲ್ಲ ಕಣಮ್ಮಿ, ಎ ಪಿಚ್ಚರ್. ಅದ್ನೆಂಟು ತುಂಬಿರ್ಬೇಕು.”

ಅವಳ ಗಂಡ ಗುರುಸ್ವಾಮಿ ನಗುತ್ತಾ ಅವಳ ಪಾದದತ್ತ ಬೆರಳು ತೋರಿಸಿದ. “ಕಾಲುಂಗುರ ಕಾಣಕಿಲ್ವಾ ಅಣ್ಣ? ನನ್ನೆಂಡ್ತಿ.”

ಹೊಸ ಬೆಳ್ಳಿ ಹೊಳೆಯುತ್ತಿತ್ತು. ಸೋಮಣ್ಣ ಅದನ್ನು ನೋಡಿ ಕೈ ಇಳಿಸಿದ. “ಮದ್ವೆ ಆಗ್ಬುಟ್ಟದಾ? ಅಂಗಾರೆ ಓಗವ್ವ ಒಳಕ್ಕೆ.”

ಸಿಂಧು ಕದಲಲಿಲ್ಲ. “ನಂಗಿನ್ನೂ ಅದ್ನಾರು ಕಣಣ್ಣ,” ಎಂದಳು, ಹಿಂದೆ ಸಾಲಿನಲ್ಲಿ ನಿಂತವರಿಗೂ ಕೇಳುವಂತೆ. “ಪಿಚ್ಚರ್‌ಗಾದ್ರೂ ನೀವು ವಯಸ್ಸು ಕೇಳುದ್ರಿ. ತಾಳಿ ಕಟ್ಟೋವಾಗ ಒಬ್ರೂ ಕೇಳ್ನಿಲ್ಲ.”

ಗುರುಸ್ವಾಮಿಯ ನಗು ಅಲ್ಲೇ ನಿಂತಿತು. ಸೋಮಣ್ಣನ ಕೈ ಮತ್ತೆ ಮೇಲೆದ್ದಿತು. ಈ ಸಲ ಗುರುಸ್ವಾಮಿಯ ಎದೆಗೆ ಅಡ್ಡವಾಗಿ.